ಹೂಳಿಗೆ ಕರೆಯದ ಮನೆ

ತೂಬಿನಹಳ್ಳಿಯವರು ಭರಮಣ್ಣನಿಗೆ ಕೊಟ್ಟ ಮೊದಲ ಗೌರವ ಒಂದು ಕುರ್ಚಿ.

ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ, ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು, ಅದರ ಜಾಗಕ್ಕೆ ಆಸ್ಪತ್ರೆಯವರು ಕೊಟ್ಟ ಮರದ ಕಾಲು ಬಿಗಿದುಕೊಂಡು, ಅವನು ಹೊಸಪೇಟೆಯಿಂದ ಕಂಪ್ಲಿ ಬಸ್ಸಿನಲ್ಲಿ ಬಂದಿಳಿದಾಗ ಊರಿಗೆ ಊರೇ ರಸ್ತೆಗೆ ಬಂದಿತ್ತು. ಅಕ್ಕಿ ಗಿರಣಿಯ ಜಡೆಪ್ಪನವರು ತಮ್ಮ ಆಫೀಸಿನ ಕೈಕುರ್ಚಿಯನ್ನೇ ಎತ್ತಿನ ಗಾಡಿಯ ಮೇಲೆ ಇಡಿಸಿದ್ದರು. ಭರಮಣ್ಣನನ್ನು ಅದರಲ್ಲಿ ಕೂರಿಸಿ, ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿಸಿದರು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಕುರ್ಚಿ ಒಂದು ಕಡೆ ವಾಲುತ್ತಿತ್ತು, ಭರಮಣ್ಣ ಇನ್ನೊಂದು ಕಡೆ ವಾಲುತ್ತಿದ್ದ. ಯುದ್ಧದಲ್ಲಿ ಇಷ್ಟು ಹೆದರಿರಲಿಲ್ಲ ಎಂದು ಆಮೇಲೆ ಹೆಂಡತಿ ಉಚ್ಚೆಂಗಮ್ಮನಿಗೆ ಹೇಳಿದ.

ಯುದ್ಧದಲ್ಲಿ ಅವನು ನೀರಿನ ಲಾರಿಯ ಡ್ರೈವರ್. ಗುಂಡಿನ ಸದ್ದು ನಿಂತು, ಎಲ್ಲರೂ ಮನೆಗೆ ಕಾಗದ ಬರೆಯುತ್ತ ಕೂತಿದ್ದ ದಿನ, ಬಾವಿ ಹುಡುಕಿಕೊಂಡು ಯಾರದೋ ಗೋಧಿ ಹೊಲದಲ್ಲಿ ನಡೆಯುವಾಗ ಹುಗಿದಿಟ್ಟ ಬಾಂಬು ತುಳಿದ. ಇದನ್ನು ಅವನು ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೇ ಹೇಳಿದ. ಯಾರಿಗೂ ರುಚಿಸಲಿಲ್ಲ. ಅವನು ಬಂದ ಮೇಲಿನ ಮೊದಲ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಜಡೆಪ್ಪನವರು ಅದಕ್ಕೆ ಒಂದು ಶತ್ರು ಟ್ಯಾಂಕು ಸೇರಿಸಿದರು. ಭರಮಣ್ಣ ಎದ್ದು ನಿಂತು, ಟ್ಯಾಂಕು ಇರಲಿಲ್ಲ, ನೀರಿಗೆ ಹೋಗಿದ್ದೆ ಎಂದ. ಎಂಥ ವಿನಯ ಎಂದು ಚಪ್ಪಾಳೆ ಬಿತ್ತು. ಮುಂದಿನ ವರ್ಷ ಟ್ಯಾಂಕುಗಳು ಹೆಚ್ಚಾದವು, ಅವನು ಎದ್ದು ನಿಲ್ಲುವುದನ್ನು ಬಿಟ್ಟ.

ಆ ಸಭೆಯಲ್ಲಿ ಇನ್ನೊಂದು ಕುರ್ಚಿ ಇರುತ್ತಿತ್ತು, ಎರ್ರೆಮ್ಮನಿಗೆ. ಅವಳ ಒಬ್ಬನೇ ಮಗ ಅಂಜಿನಯ್ಯ ಭರಮಣ್ಣನ ಓರಗೆಯವನು. ಇಬ್ಬರೂ ಒಂದೇ ದಿನ ಬಳ್ಳಾರಿಗೆ ಹೋಗಿ ಮಿಲಿಟರಿಗೆ ಸೇರಿದವರು. ಅಂಜಿನಯ್ಯ ಯುದ್ಧದ ಮೊದಲ ವಾರದಲ್ಲೇ ತೀರಿಕೊಂಡ. ಊರವರು ಅವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಗೋಡೆಗೆ ಕೂರಿಸಿದ್ದರು. ಎರ್ರೆಮ್ಮ ಹುಟ್ಟಿದಾಗಿನಿಂದ ಕುರ್ಚಿಯಲ್ಲಿ ಕೂತವಳಲ್ಲ. ಸಭೆ ಮುಗಿಯುವ ತನಕ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಕುರ್ಚಿಯ ಕಾಲನ್ನು ಹಿಡಿದುಕೊಂಡಿರುತ್ತಿದ್ದಳು. ಇಬ್ಬರಿಗೂ ಶಾಲು ಹೊದಿಸುತ್ತಿದ್ದರು. ವರ್ಷಕ್ಕೆ ಎರಡು ಹಬ್ಬ, ಎರಡು ಶಾಲು. ಉಚ್ಚೆಂಗಮ್ಮ ಅವನ್ನು ಬಾಳೆಗೊನೆ ಹಣ್ಣಿಗೆ ಹಾಕುವಾಗ ಮೇಲೆ ಮುಚ್ಚುತ್ತಿದ್ದಳು. ಒಳ್ಳೆಯ ಶಾಲಿನ ಕಾವಿಗೆ ಹಣ್ಣು ಬೇಗ ಆಗುತ್ತದೆ ಎಂಬುದು ಅವಳ ಅನುಭವ.

ಇಷ್ಟರಲ್ಲಿ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಹೂಳಿನಿಂದ.

ರಾಯರ ಕಾಲದ ದೊಡ್ಡ ಕಾಲುವೆಯ ಚಿಂತೆ ಸರ್ಕಾರದ್ದು. ಅದರಿಂದ ಕಲ್ಲುತೂಬಿನ ಮೂಲಕ ಊರಿನ ಗದ್ದೆಗಳಿಗೆ ಬರುವ ಕಿರುಗಾಲುವೆಯ ಚಿಂತೆ ಊರಿನದು. ವರ್ಷಕ್ಕೊಮ್ಮೆ ಮೇಲಿನಿಂದ ನೀರು ನಿಲ್ಲಿಸಿದಾಗ ಊರವರು ಅದರೊಳಗೆ ಇಳಿದು ಹೂಳು ತೆಗೆಯಬೇಕು. ಪ್ರತಿ ಮನೆಗೂ ಇಷ್ಟು ಎಂದು ಅಳೆದ ತುಂಡಿರುತ್ತದೆ. ನೀರು ಹಂಚುವ ನೀರಗಂಟಿ ತೂಬಿನ ಮೇಲೆ ನಿಂತು ಮನೆಗಳ ಹೆಸರು ಕರೆಯುತ್ತಾನೆ. ಆ ಮನೆಯವರು ‘ಓ’ ಎಂದು ಇಳಿಯುತ್ತಾರೆ. ಆಳು ಇಟ್ಟು ಮಾಡಿಸುವಂತಿಲ್ಲ. ಕೈಲಾಗದಿದ್ದರೆ ಮನೆಯವರು ಬಾಯಿಬಿಟ್ಟು ಕರೆದವರು ಇಳಿದು ಕೈ ಹಚ್ಚಬಹುದು, ತಾವಾಗಿ ಇಳಿಯುವಂತಿಲ್ಲ. ಹೂಳು ಗದ್ದೆಗೆ ಬಂಗಾರದಂಥ ಗೊಬ್ಬರ, ಆದ್ದರಿಂದ ಹೆಸರು ಕರೆಯದೆ ಇಳಿದವನು ಹೂಳುಗಳ್ಳ, ಅವನ ಸಲಿಕೆ ಕಿತ್ತುಕೊಳ್ಳಬೇಕು. ಹೂಳಿಗೆ ಇಳಿಯದ ಮನೆಗೆ ಕಡೇ ನೀರು. ಈ ನಿಯಮಗಳನ್ನು ಯಾರೂ ಎಲ್ಲಿಯೂ ಬರೆದಿಲ್ಲ, ಮುರಿದವರ ತಲೆ ಒಡೆದದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಭರಮಣ್ಣ ಮಿಲಿಟರಿಯಲ್ಲಿದ್ದಷ್ಟು ವರ್ಷ ಅವನ ಮನೆ ಕರೆದಾಗ ಉಚ್ಚೆಂಗಮ್ಮ ಓ ಎನ್ನುತ್ತಿದ್ದಳು. ಅಂಜಿನಯ್ಯನ ಮನೆ ಕರೆದಾಗ ಎರ್ರೆಮ್ಮ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು, “ಓ. ಅವ ಊರಾಗಿಲ್ಲ, ನಾ ಬಂದೀನಿ” ಎನ್ನುತ್ತಿದ್ದಳು. ಇಬ್ಬರ ಗದ್ದೆಗೂ ಪಾಳಿಯ ಪ್ರಕಾರ ನೀರು ಹೋಗುತ್ತಿತ್ತು.

ಭರಮಣ್ಣ ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ಜಡೆಪ್ಪನವರು ಗುಡಿಯ ಕಟ್ಟೆಯ ಮೇಲೆ ಸಭೆ ಕರೆದು, ದೇಶಕ್ಕೆ ಇಷ್ಟು ಕೊಟ್ಟ ಎರಡು ಮನೆಗಳಿಂದ ಇನ್ನು ಹೂಳು ತೆಗೆಸುವುದು ಪಾಪ ಎಂದರು. ಎರಡೂ ಮನೆಗಳನ್ನು ಗೌರವಪೂರ್ವಕ ಬಿಡಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀರಗಂಟಿ ಮುದುಕಪ್ಪನೂ ತಟ್ಟಿದ. ಹೂಳಿನ ದಿನ ಉಚ್ಚೆಂಗಮ್ಮ ರೂಢಿಯಂತೆ ಬುಟ್ಟಿ ಹಿಡಿದು ಹೋದರೆ, ಅದನ್ನು ಮರ್ಯಾದೆಯಿಂದ ಇಸಿದುಕೊಂಡು, ಮಜ್ಜಿಗೆ ಕುಡಿಸಿ ಮನೆಗೆ ಕಳಿಸಿದರು. ನೀರು ಬಿಟ್ಟಾಗ ಮುದುಕಪ್ಪ ಆ ಎರಡು ಮನೆಗಳನ್ನು ಪಾಳಿಯ ಕೊನೆಗೆ ಹಾಕಿದ. ಊರಿನವರ ಭತ್ತ ಮೊಣಕಾಲೆತ್ತರ ಬಂದಾಗ ಭರಮಣ್ಣನ ಗದ್ದೆಯಲ್ಲಿ ಕಪ್ಪೆಗೆ ಕೂರಲು ಹಸಿ ನೆಲ ಇರಲಿಲ್ಲ.

ಮುದುಕಪ್ಪ ಅವನಿಗೆ ಸಂಬಂಧದಲ್ಲಿ ಮಾವ. ಸಣ್ಣವನಿದ್ದಾಗ ತೂಬಿನಲ್ಲಿ ಈಜಿದ್ದಕ್ಕೆ ಕಿವಿ ಹಿಂಡಿದ್ದವನು. ಭರಮಣ್ಣ ಅವನ ಮನೆಗೆ ಹೋದ.

“ಮಾವ, ನಮ್ಮ ಗದ್ದಿಗೆ ಯಾಕ ನೀರು ಬರವಲ್ದು?”

“ಬರ್ರಿ, ಕುಂದ್ರಿ” ಎಂದ ಮುದುಕಪ್ಪ. ಅವನೂ ಈಗ ಬಹುವಚನಕ್ಕೆ ಬಂದಿದ್ದ. “ನೀವು ಹೂಳಿಗೆ ಇಳೀಲಿಲ್ಲಲ್ಲರಿ.”

“ಇಳೀಬ್ಯಾಡ್ರಿ ಅಂದವರು ನೀವ ಅಲ್ಲೇನು?”

“ಹೌದು, ಅಂದ್ವಿ. ಇಳೀಬ್ಯಾಡ್ರಿ ಅಂದ್ವಿ. ಇಳೀದಿದ್ರೂ ನೀರು ಕೊಡ್ರಿ ಅಂತ ಸಭಾದಾಗ ಯಾರೂ ಅನ್ನಲಿಲ್ಲ.”

“ಈಗ ಅನ್ನಸ್ರಿ ಹಂಗಾರ.”

“ಇವತ್ತು ನಿಮಗ ಕೊಟ್ರ, ನಾಳೆ ಜಡೆಪ್ಪಾರ ಬೀಗರು ನಮಗೂ ಮರ್ಯಾದಿ ಐತಿ ಅಂತ ಬರ್ತಾರ. ನೀರಿಗೆ ಮರ್ಯಾದಿ ಗೊತ್ತಿಲ್ಲರಿ. ಯಾರು ಇಳಿದ್ರು ಅನ್ನಾದಷ್ಟ ಗೊತ್ತು.”

ಇದರಲ್ಲಿ ತಪ್ಪು ಹಿಡಿಯಲು ಭರಮಣ್ಣನಿಗೆ ಆಗಲಿಲ್ಲ. ಮಿಲಿಟರಿಯಲ್ಲಿ ಹತ್ತಿರಹತ್ತಿರ ಇದೇ ಮಾತನ್ನು ಹಿಂದಿಯಲ್ಲಿ ಕೇಳಿದ್ದ.

ಗದ್ದೆ ಒಣಗಿದ ಸುದ್ದಿ ಊರಿಗೆ ಗೊತ್ತಾದಾಗ ಎಲ್ಲರಿಗೂ ಮನಸ್ಸಿಗೆ ಹತ್ತಿತು. ಜಡೆಪ್ಪನವರು ಗಿರಣಿಯಿಂದ ಅಕ್ಕಿ ಚೀಲ ಕಳಿಸಿದರು. ಗೆಳೆಯ ಪಂಪಣ್ಣ ಹುಲ್ಲು ತಂದು ಹಾಕಿದ. ಯಾರೋ ಬೆಲ್ಲ, ಯಾರೋ ಬಾಳೆಹಣ್ಣು. ತಂದವರೆಲ್ಲ ಕೈಮುಗಿದು ಹೋದರು. ಎರಡನೆಯ ವರ್ಷವೂ ಹಾಗೇ ಆಯಿತು. ಎರಡು ವರ್ಷ ಭರಮಣ್ಣ ತನ್ನ ಗದ್ದೆಯ ಅಕ್ಕಿ ಉಣ್ಣಲಿಲ್ಲ. ಉಚ್ಚೆಂಗಮ್ಮ ಒಮ್ಮೆ ತಾಟು ಮುಂದಿಟ್ಟುಕೊಂಡು, “ಅಕ್ಕಿ ಚಲೋ ಐತಿ, ಚಲೋ ಬೇಯ್ತೈತಿ. ನುಂಗಾಕ ಆಗವಲ್ದು, ಅಷ್ಟ” ಎಂದಳು. ಅವನಿಗೆ ನಾಚಿಕೆಯಾಯಿತು. ಕಾಲು ಹೋದಾಗ ಆಗದ ನಾಚಿಕೆ ಅದು.

ಮೂರನೆಯ ಬೇಸಿಗೆ ಬರುವ ಮುಂಚೆ ಅವನು ಗಿರಣಿಗೆ ಹೋದ. ಜಡೆಪ್ಪನವರು ಕೆಟ್ಟವರಲ್ಲ. ಅವನನ್ನು ಕಂಡರೆ ಅವರ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತಿತ್ತು, ಅದೇ ಕಷ್ಟ.

“ಜಡೆಪ್ಪಾರ, ಈ ಸಲ ನನ್ನ ಹೂಳಿಗೆ ಕರಿಯಾಕ ಹೇಳ್ರಿ.”

“ಎಂಥಾ ಮಾತಾಡ್ತೀರಿ. ತಹಶೀಲ್ದಾರ್ರು ಅದ ರಸ್ತ್ಯಾಗ ತಿರುಗಾಡ್ತಾರ. ದೇಶಕ್ಕ ಕಾಲು ಕೊಟ್ಟಾವನ ಕೈಯಾಗ ಸಲಿಕಿ ಕೊಟ್ಟಾರ ಅಂದ್ರ ನಮ್ಮೂರಿಗೆ ಏನಂತಾರ?”

“ಕಾಲು ಹೋಗೈತಿರಿ. ಕೈ ಅದಾವ.”

ಜಡೆಪ್ಪನವರು ಚಹಾದ ಬಸಿ ಕೆಳಗಿಟ್ಟರು. “ಈ ಮಾತು ಭಾಳ ಚಲೋ ಐತಿ. ಮುಂದಿನ ಭಾಷಣಕ್ಕ ಇಟ್ಕಂತೀನಿ.”

“ಗದ್ದಿ ಬೀಳು ಬಿದ್ದೈತಿರಿ.”

“ನಿಮಗ್ಯಾಕ ಗದ್ದಿ ಚಿಂತಿ? ನಾವು ಸತ್ತೀವೇನು?”

ಮರುದಿನ ಇನ್ನೊಂದು ಅಕ್ಕಿ ಚೀಲ ಬಂತು. ಜೊತೆಗೆ, ಕುರ್ಚಿಗೆ ಹಾಕಿಕೊಳ್ಳಲು ಬೂರುಗದ ಹತ್ತಿಯ ಮೆತ್ತೆ.

ಹೂಳಿನ ದಿನ ಬೆಳಿಗ್ಗೆ ಭರಮಣ್ಣ ತನ್ನ ಸಲಿಕೆ ತೆಗೆದುಕೊಂಡು ಕಾಲುವೆಗೆ ನಡೆದ. ದಂಡೆಯ ಮೇಲೆ ಅವನಿಗಿಂತ ಮೊದಲೇ ಕುರ್ಚಿ ಬಂದಿತ್ತು, ಮೆತ್ತೆ ಸಮೇತ. “ನೀವು ನೋಡಿದ್ರ ಸಾಕು, ನಮಗ ಹುರುಪು” ಎಂದು ಪಂಪಣ್ಣ ಅವನನ್ನು ಕೂರಿಸಿದ, ಹೆಗಲಿಗೆ ಒಂದು ಶಾಲು ಹಾಕಿದ. ಇದೇ ಪಂಪಣ್ಣ ಅವನ ಜೊತೆ ಇದೇ ಕಾಲುವೆಯಲ್ಲಿ ಬತ್ತಲೆ ಈಜಿದವನು. ಮುದುಕಪ್ಪ ತೂಬಿನ ಮೇಲೆ ಹತ್ತಿ ಕರೆಯಲು ಶುರು ಮಾಡಿದ. ಒಂದೊಂದು ಹೆಸರಿಗೂ ಒಂದೊಂದು ಓ. ಜನ ದಬದಬ ಇಳಿದರು. ತನ್ನ ಮನೆಯ ಸರದಿ ಬರುವ ಹೊತ್ತಿಗೆ ಭರಮಣ್ಣನ ಬಾಯಲ್ಲಿ ಓ ತಯಾರಿತ್ತು. ಮುದುಕಪ್ಪ ಒಂದು ಉಸಿರು ಬಿಟ್ಟು ಮುಂದಿನ ಮನೆಯ ಹೆಸರಿಗೆ ಹೋದ.

ಕುರ್ಚಿಯ ಹಿಂದೆ ಜಾಲಿ ಮರದ ನೆರಳಲ್ಲಿ ಎರ್ರೆಮ್ಮ ನಿಂತಿದ್ದಳು, ಸೊಂಟದ ಮೇಲೆ ಖಾಲಿ ಬುಟ್ಟಿ.

“ದೊಡ್ಡವ್ವ, ನೀ ಯಾಕ ಬಂದಿ? ನಿನ್ನೂ ಬಿಟ್ಟಾರಲ್ಲ.”

“ವರ್ಸಾನೂ ಬರ್ತೀನಲ್ಲಪ್ಪ” ಎಂದಳು. “ಮರತು ಒಂದು ಸಲ ಕರದಾನು ಅಂತ.”

ಅವನು ಕುರ್ಚಿಯಲ್ಲೇ ಅವಳ ಕಡೆ ತಿರುಗಿದ.

“ಕಲ್ಲಿನ ಮ್ಯಾಲ ಅವನ ಹೆಸರು ಬರ್ಸ್ಯಾರ, ಚಲೋ ಆತು. ನನಗ ಓದಾಕ ಬರಂಗಿಲ್ಲ. ಇಲ್ಲಿ ಕರದ್ರ ಕೇಳ್ತಿತ್ತು. ಕರೀದ ಮನಿ ಅಂದ್ರ ಮುಗದ ಮನಿ ಅಲ್ಲೇನು?”

ಅವಳು ಅಳಲಿಲ್ಲ. ಪಡಿಯಂಗಡಿಯಲ್ಲಿ ಸಕ್ಕರೆ ಬಂದಿಲ್ಲ ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದಳು. ಎರಡು ವರ್ಷ ನಾನು ನನ್ನ ಗದ್ದೆಯನ್ನೇ ನೆನೆಯುತ್ತ ಕೂತಿದ್ದೆ, ಈ ಮುದುಕಿ ಇಲ್ಲಿ ಬಿಸಿಲಲ್ಲಿ ಬಂದು ನಿಂತು, ಕೇಳಿ, ಖಾಲಿ ಬುಟ್ಟಿ ಹೊತ್ತು ಹಿಂದಕ್ಕೆ ಹೋಗುತ್ತಿದ್ದಳು ಎಂದುಕೊಂಡ ಭರಮಣ್ಣ.

ಅವನು ಪಂಚೆ ಮೇಲಕ್ಕೆ ಕಟ್ಟಿ, ಮರದ ಕಾಲಿನ ಪಟ್ಟಿ ಬಿಚ್ಚಿದ. ಹೂಳಿಗೂ ಮರದ ಕಾಲಿಗೂ ಆಗಿಬರುವುದಿಲ್ಲ. ಕಾಲನ್ನು ಕುರ್ಚಿಯ ಮೆತ್ತೆಯ ಮೇಲೆ ನೆಟ್ಟಗೆ ಇಟ್ಟ. ಶಾಲನ್ನು ಮಡಚಿ ಮೊಣಕಾಲಿಗೆ ಬಿಗಿಯಾಗಿ ಸುತ್ತಿದ. ಸಲಿಕೆಯನ್ನು ಮುಂದೆ ಎಸೆದು, ಕುಂಡೆಯ ಮೇಲೆ ಕೂತು ದಂಡೆಯಿಂದ ಜಾರಿ, ತನ್ನ ಮನೆಯ ತುಂಡಿನಲ್ಲಿ ಇಳಿದು, ಮೊಣಕಾಲೂರಿ ಮೊದಲ ಸಲಿಕೆ ಹೂಳು ಎತ್ತಿ ಹಾಕಿದ.

ಸಾಲಿಗೆ ಸಾಲೇ ನಿಂತಿತು. ಜಡೆಪ್ಪನವರು ದಂಡೆಗೆ ಓಡಿ ಬಂದರು. “ಭರಮಣ್ಣಾರ, ಮ್ಯಾಲ ಬರ್ರಿ. ನಮ್ಮ ಮಾನ ಕಳೀಬ್ಯಾಡ್ರಿ.”

“ಕರಿಯಾಕ ಹೇಳ್ರಿ.”

ಎಲ್ಲರೂ ಮುದುಕಪ್ಪನನ್ನು ನೋಡಿದರು. ಮುದುಕಪ್ಪ ತೂಬಿನಿಂದ ಇಳಿದು ಬಂದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮಮತೆಯೂ ಇರಲಿಲ್ಲ. ಹೆಸರು ಕರೆಯದೆ ಇಳಿದಾಗ ನೀರಗಂಟಿಗೆ ಒಂದೇ ಕೆಲಸ. ಅವನು ಕೈಚಾಚಿದ.

“ಸಲಿಕಿ ಕೊಡ್ರಿ.”

ಭರಮಣ್ಣ ಸಲಿಕೆ ಕೊಟ್ಟ. ಕೊಟ್ಟು, ಬರಿಗೈಯಿಂದ ಹೂಳು ಬಾಚತೊಡಗಿದ. ಕೈಯಿಂದ ಬಾಚುವವನಿಗೆ ಏನು ಮಾಡಬೇಕು ಎಂಬುದು ಯಾರ ಕಾಲದ ನಿಯಮದಲ್ಲೂ ಇರಲಿಲ್ಲ. ಮುದುಕಪ್ಪ ಸಲಿಕೆ ಹಿಡಿದು ನಿಂತು ನೋಡಿದ. ಶತ್ರುಗಳ ಟ್ಯಾಂಕಿಗೆ ಅಂಜದವನನ್ನು ಊರಿನವರೆಲ್ಲರ ಮುಂದೆ ಹೂಳುಗಳ್ಳ ಎನ್ನಬೇಕು, ಇಲ್ಲವೇ ಹೆಸರು ಕರೆಯಬೇಕು. ಅವನು ಮತ್ತೆ ತೂಬಿನ ಮೇಲೆ ಹತ್ತಿದ. ಹತ್ತಲು ಬಹಳ ಹೊತ್ತು ತೆಗೆದುಕೊಂಡ.

“ಭರಮಣ್ಣನ ಮನಿ.”

“ಓ” ಎಂದ ಭರಮಣ್ಣ. ಎರಡು ವರ್ಷ ಒಳಗೇ ಇದ್ದ ಓ ಅದು. ಜಾಲಿ ಮರದ ಮೇಲಿನ ಕೊಕ್ಕರೆಗಳು ಹಾರಿ ಎದ್ದವು.

ಆಮೇಲೆ ಗೌರವ ತೋರಿಸಲು ಯಾರಿಗೂ ಪುರುಸೊತ್ತು ಇರಲಿಲ್ಲ. ಉಳಿದವರ ತುಂಡುಗಳೆಲ್ಲ ಮಧ್ಯಾಹ್ನಕ್ಕೆ ಮುಗಿದವು, ಭರಮಣ್ಣನದು ಅರ್ಧವಾಗಿತ್ತು. ಕಡೆಯ ತುಂಡು ಮುಗಿಯದೆ ಮಂಡಕ್ಕಿ ಹಂಚುವಂತಿಲ್ಲ, ಯಾರೂ ಮನೆಗೆ ಹೋಗುವಂತಿಲ್ಲ. ಊರೆಲ್ಲ ಹಸಿದುಕೊಂಡು ದಂಡೆಯ ಮೇಲೆ ಕೂತಿತು. ಉಚ್ಚೆಂಗಮ್ಮ ಬುಟ್ಟಿ ಹೊತ್ತು ಹೊತ್ತು ಮೇಲೆ ಹಾಕಿದಳು. “ಒಂದು ಮಾತು ಕರೀರಿ, ಇಳೀತೀವಿ” ಎಂದ ಪಂಪಣ್ಣ. ಭರಮಣ್ಣ ಕರೆಯಲಿಲ್ಲ. ಹೊತ್ತು ಇಳಿದಂತೆ ಮುದುಕಪ್ಪನ ತಾಳ್ಮೆಯೂ ಇಳಿಯಿತು. ದಂಡೆಯಿಂದ ಬಗ್ಗಿ ನೋಡಿ, “ಏನಲೇ ಭರಮ್ಯಾ, ತಳ ಕಾಣವಲ್ದು. ಇನ್ನೊಂದು ಗೇಣು ಹೋಗು. ನಿಮ್ಮಪ್ಪನೂ ಹಿಂಗ ಕಳ್ಳಗೆಲಸದವ” ಎಂದು ಬೈದ. ಜಡೆಪ್ಪನವರು ಹೌಹಾರಿದರು. ಭರಮಣ್ಣ ತಲೆಯೆತ್ತದೆ ಇನ್ನೊಂದು ಗೇಣು ಹೋದ. ಊರಿಗೆ ಬಂದ ಮೇಲೆ ಅಷ್ಟು ಸಮಾಧಾನ ಅವನಿಗೆ ಎಂದೂ ಆಗಿರಲಿಲ್ಲ.

ತುಂಡು ಮುಗಿದಾಗ ಬಿಸಿಲು ಹಂಪಿಯ ಗುಡ್ಡಗಳ ಕಡೆ ವಾಲಿತ್ತು. ಪಂಪಣ್ಣ ಮಂಡಕ್ಕಿ ಚೀಲದ ಬಾಯಿ ಬಿಚ್ಚಿದ. ಭರಮಣ್ಣ ಮೇಲೆ ಬರಲಿಲ್ಲ. ಹೂಳಿನಲ್ಲಿ ಹಾಗೇ ಕೂತಿದ್ದ.

“ಮತ್ತೇನಲೇ?” ಎಂದ ಮುದುಕಪ್ಪ.

“ಇನ್ನೊಂದು ಮನಿ ಉಳದೈತಿ, ಮಾವ.”

ಪಕ್ಕದ ತುಂಡು ಮೂರು ವರ್ಷದ ಹೂಳು ತುಂಬಿ, ಜೊಂಡು ಬೆಳೆದು ನಿಂತಿತ್ತು. ನೀರು ಅದನ್ನು ಹೇಗೋ ಬದಿಯಿಂದ ದಾಟಿ ಹೋಗುತ್ತಿತ್ತು, ಜನರೂ ಹಾಗೇ ದಾಟಿ ಹೋಗುತ್ತಿದ್ದರು. ಮುದುಕಪ್ಪ ಜಾಲಿ ಮರದ ಕಡೆ ನೋಡಿದ. ಬೆಳಿಗ್ಗೆ ಎಲ್ಲಿದ್ದಳೋ ಎರ್ರೆಮ್ಮ ಅಲ್ಲೇ ಇದ್ದಳು. ಅವನು ಗಂಟಲು ಸರಿಮಾಡಿಕೊಂಡ. ಸತ್ತವನ ಹೆಸರನ್ನು ವರ್ಷವೂ ಬಾಯಿಂದ ತೆಗೆಯಬೇಕಾಗುತ್ತದೆ ಎಂಬ ಅಂಜಿಕೆಗೇ ಅವನು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು. ಅದು ಅವನಿಗೆ ಮಾತ್ರ ಗೊತ್ತಿದೆ ಎಂದುಕೊಂಡಿದ್ದ, ಆದರೆ ದನಿ ನಡುಗಿದಾಗ ಎಲ್ಲರಿಗೂ ಗೊತ್ತಾಯಿತು.

“ಅಂಜಿನಯ್ಯನ ಮನಿ.”

“ಓ” ಎಂದಳು ಎರ್ರೆಮ್ಮ. “ಅವ ಊರಾಗಿಲ್ಲ. ನಾ ಬಂದೀನಿ.”

ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ದಂಡೆಯ ತುದಿಗೆ ಬಂದಳು. ಜೊಂಡನ್ನು ನೋಡಿದಳು, ಹೊತ್ತನ್ನು ನೋಡಿದಳು. ಆಮೇಲೆ ಮನೆಯ ಯಜಮಾನಿಯ ದನಿಯಲ್ಲಿ ಕರೆದಳು. “ಭರಮ್ಯಾ, ನೀ ಬಾ. ಪಂಪಣ್ಣ, ಬಾರೋ. ಎಲ್ಲಾರೂ ಬರ್ರಿ. ನನ್ನ ಮಗನ ಮನಿ ಕೆಲಸ ಐತಿ.”

ಮುಂದೆ ನಡೆದದ್ದನ್ನು ಕೆಲಸ ಎನ್ನಲು ಬರುವುದಿಲ್ಲ. ಊರಿನ ಗಂಡಸರೆಲ್ಲ ಒಂದೇ ತುಂಡಿನಲ್ಲಿ ಇಳಿದರು. ನಿಲ್ಲಲು ಜಾಗ ಸಾಲದೆ ಒಬ್ಬರ ಸಲಿಕೆ ಇನ್ನೊಬ್ಬರ ಪಾದಕ್ಕೆ ಬಿತ್ತು. ಜಡೆಪ್ಪನವರು ಬಿಳಿ ಧೋತರದಲ್ಲೇ ಇಳಿದು, ಅಳುತ್ತ, ಒಂದೇ ಜಾಗದಲ್ಲಿ ಅಗೆದರು. ಅವರಿಗೆ ಅಗೆದು ರೂಢಿಯಿಲ್ಲ, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯಲಿಲ್ಲ. ತಳ ಬಂತು, ಸಾಕು ಎಂದು ಮುದುಕಪ್ಪ ಕೂಗಿದ. ಯಾರೂ ನಿಲ್ಲಿಸಲಿಲ್ಲ. ಮೂರು ವರ್ಷದಿಂದ ಶಾಲು ಹೊದಿಸಿ, ಕಲ್ಲು ಕೆತ್ತಿಸಿ, ಭಾಷಣ ಮಾಡಿ ತೀರದೆ ಉಳಿದದ್ದು ಏನೋ ಇತ್ತು, ಅದೆಲ್ಲ ಅಲ್ಲಿ ಸಲಿಕೆಗೆ ಬಂತು. ದಂಡೆಯ ಮೇಲೆ ಕುರ್ಚಿಯಲ್ಲಿ ಮರದ ಕಾಲು ಒಂದೇ ಕೂತು ಎಲ್ಲವನ್ನೂ ನೋಡುತ್ತಿತ್ತು.

ಹೀಗೆ ಅಂಜಿನಯ್ಯನ ಮನೆಯ ತುಂಡು ಇರಬೇಕಾದ್ದಕ್ಕಿಂತ ಮೊಣಕಾಲುದ್ದ ಆಳವಾಯಿತು. ಕಾಲುವೆಯ ಲೆಕ್ಕದಲ್ಲಿ ಅದು ದೊಡ್ಡ ತಪ್ಪು. ಅಂಥ ಗುಂಡಿ ಬಿದ್ದರೆ ಮಣ್ಣು ಹಾಕಿ ಸಮ ಮಾಡಬೇಕು. ಯಾರೂ ಮಾಡಲಿಲ್ಲ, ನೀರಗಂಟಿಯೂ ಹೇಳಲಿಲ್ಲ. ಈಗಲೂ ಅಲ್ಲಿ ಊರಿನ ಎಮ್ಮೆಗಳು ಮಲಗುತ್ತವೆ. ಪ್ರತಿ ವರ್ಷ ನೀರು ಬಿಟ್ಟ ದಿನ, ನೀರು ತೂಬಿನಿಂದ ಓಡಿ ಬಂದು ಅಲ್ಲಿಗೆ ಬಂದೊಡನೆ ನಿಲ್ಲುತ್ತದೆ. ಅದು ತುಂಬದೆ ಕೆಳಗಿನ ಯಾರ ಗದ್ದೆಗೂ ಒಂದು ಹನಿ ಹೋಗುವುದಿಲ್ಲ. ಕೆಳಗಿನ ಗದ್ದೆಯವರು ಸಲಿಕೆ ಹಿಡಿದು ಕಾಯುತ್ತಾರೆ. ಹೊಸಬರು ಯಾರಾದರೂ ಯಾಕೆ ತಡ ಎಂದು ಗೊಣಗಿದರೆ ಮುದುಕಪ್ಪ ತೂಬಿನ ಮೇಲಿನಿಂದ ಹೇಳುತ್ತಾನೆ:

“ತಡೀರಿ. ಮದ್ಲು ಅಂಜಿನಯ್ಯನ ಮನಿ ತುಂಬಲಿ.”